ಓದಿ ಮುಗಿಸಿದ ಮೂರು ಪುಸ್ತಕಗಳು
(ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಆಡಿದ ಮಾತು)

ಗೆಳೆಯರೇ,

ಈಚೆಗೆ ನಾವು ಮೂರು ಪುಸ್ತಕ ಓದಿ ಮುಗಿಸಿದೆವು. ಅನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳ್ತೇವೆ. ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಮೊದಲನೆಯದು ಶಿವರಾಮ ಕಾರಂತರ 'ಚೋಮನ ದುಡಿ', 1933ರದ್ದು. ಹೊಲೆಯ ಚೋಮನಿಗೆ ಎತ್ತು ಇದೆ, ದುಡಿಯುವ ಮೈ ಇದೆ, ಉಳೋದಕ್ಕೆ ತುಂಡು ನೆಲ ಇಲ್ಲ. ಆ ಆಸೆಯನ್ನು ಕಾರಂತರು ಹಗುರ ಮಾಡಿಲ್ಲ. ಅದಕ್ಕೆ ನಾವು ಋಣಿಗಳು. ಆದರೆ ಚೋಮ ಒಬ್ಬನೇ ದುಡಿ ಬಡೀತಾ ಸಾಯ್ತಾನೆ. ಕೇರಿಯ ಉಳಿದವರು ಎಲ್ಲಿ ಹೋದರು?

ಆ ಕೇರಿ ನಮಗೆ ಸಿಕ್ಕಿದ್ದು ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ. ಸಾಕವ್ವ ಕಳೆದುಹೋದ ಹುಂಜ ಹುಡುಕ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ಒಂದೇ ರಾತ್ರೀಲಿ ತಿಂದು ಮುಗಿಸ್ತಾರೆ. ಆಮೇಲೆ ಪೊಲೀಸರು ಬರ್ತಾರೆ. ಇದನ್ನು ಬರೀ ಕಳ್ಳತನದ ಕಥೆ ಅನ್ನುವವರು ಹಸಿವು ಕಂಡವರಲ್ಲ. ನಮ್ಮ ಅವ್ವಂದಿರ ಮಾತು ಅಚ್ಚಾಗಿದ್ದು ನೋಡಿ ಎದೆ ತುಂಬಿತು. ಕ್ಲಾಸಿನಲ್ಲಿ ಅಂಥದೇ ಮಾತಾಡಿ ನಗೆಪಾಟಲಾದವರಲ್ಲವೇ ನಾವು?

ಮೂರನೆಯದು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', 1994ರ ಆತ್ಮಕಥೆ. ಮೀಸಲಾತಿಯವರನ್ನು ಆಡಿಕೊಳ್ಳುವ ಮಾತನ್ನೇ ಹೆಸರಾಗಿಟ್ಟಿದ್ದಾರೆ. ಸ್ಕಾಲರ್‌ಶಿಪ್ ಪಟ್ಟಿ ಕೂಗುವಾಗ ತಲೆ ತಗ್ಗಿಸುವ ತಮ್ಮಂದಿರು ಇದನ್ನು ಮೊದಲು ಓದಲಿ.

ನಮ್ಮ ಆಯ್ಕೆಯಲ್ಲೇ ಒಂದು ತಪ್ಪಿದೆ. ಮೂರನ್ನೂ ಬರೆದವರು ಗಂಡಸರು. ಸಾಕವ್ವನ ಮೊಮ್ಮಗಳೇ ಬರೆದರೆ ಹೇಗಿರುತ್ತೆ? ಹೆಣ್ಣುಮಕ್ಕಳ ಹಾಸ್ಟೆಲಿನ ಗೆಳತಿಯರೇ, ಮುಂದಿನ ಸಭೇಲಿ ನೀವು ಮಾತಾಡಿ. ನಾವು ಕೂತು ಕೇಳ್ತೇವೆ.

ಜೈ ಭೀಮ್.