ತಂಬಿಗೆಯೂ ಹೆಸರಿನ ಚೀಟಿಯೂ

(ಅಪ್ಸರಕೊಂಡದಲ್ಲಿ ಸೇರಿದ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಬಂದವರು, ಅರ್ಧ ದಿನ ಅಂಗಡಿಯ ಬಾಗಿಲು ಹಾಕಿ ಬಂದವರು ಇಲ್ಲಿ ಕುಳಿತಿದ್ದೀರಿ. ಹಿಂದೆ ನೀರು ಬೀಳುವ ಸದ್ದು, ಮುಂದೆ ಕಡಲು. ಇಂಥಲ್ಲಿ ಮಜೂರಿ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಅಮೇರಿಕದ ಒಂದು ಪ್ರದರ್ಶನದ ವಿಷಯ ಎತ್ತಿದರೆ, ಮಾಸ್ತರರಿಗೆ ಪುರುಸೊತ್ತು ಹೆಚ್ಚಾಯಿತೆಂದು ನೀವು ನಗಬಹುದು. ಸ್ವಲ್ಪ ತಾಳಿರಿ. ಸುತ್ತಿ ಬಳಸಿಯಾದರೂ ಮಜೂರಿಯ ಮಾತಿಗೇ ಬರುತ್ತೇವೆ.

ನ್ಯೂಯಾರ್ಕಿನ ಕಲೆ ಮತ್ತು ವಿನ್ಯಾಸದ ವಸ್ತುಸಂಗ್ರಹಾಲಯದಲ್ಲಿ 2011ರ ಅಕ್ಟೋಬರಿನಲ್ಲಿ ಆ ಪ್ರದರ್ಶನ ತೆರೆಯಿತು. 1945ರಿಂದ 1969ರವರೆಗೆ ಅಮೇರಿಕದ ಕಸಬುದಾರರೂ ವಿನ್ಯಾಸಕಾರರೂ ಮಾಡಿದ ಮಡಕೆ, ಕುರ್ಚಿ, ನೆಯ್ಗೆ, ಗಾಜು, ಒಡವೆಗಳನ್ನು ಅಲ್ಲಿ ಜೋಡಿಸಿದ್ದರು. ನಾವು ನ್ಯೂಯಾರ್ಕ್ ಕಂಡವರಲ್ಲ. ಅದರ ಪುಸ್ತಕವನ್ನು ಸ್ನೇಹಿತರೊಬ್ಬರು ಓದಲು ಕೊಟ್ಟರು. ಚಿತ್ರ ನೋಡಿ ಮೊದಲು ನಗು ಬಂತು. ಆ ಕಾಲದ ಕೆಲವು ಮಡಕೆಗಳನ್ನು ಬೇಕೆಂದೇ ಸೀಳಿ, ತಟ್ಟಿ, ಸೊಟ್ಟ ಮಾಡಿದ್ದಾರೆ. ನೀರು ನಿಲ್ಲುವ ಹಾಗಿಲ್ಲ. ನಮ್ಮ ಸಂತೆಯಲ್ಲಿಟ್ಟರೆ ಕುಂಬಾರನ ಹೆಂಡತಿಯೇ ಅವನ್ನು ಮರಳಿ ಹೊರಲಿಕ್ಕಿಲ್ಲ. ಆದರೆ ಒಂದು ಸಂಗತಿ ನಮ್ಮ ನಗುವನ್ನು ನಿಲ್ಲಿಸಿತು. ವಸ್ತುವಿನ ಪಕ್ಕದಲ್ಲಿ ಅದನ್ನು ಮಾಡಿದವನ ಹೆಸರಿತ್ತು.

ಈ ಹೆಸರುವಂತರು ಎಲ್ಲಿಂದ ಬಂದರು? 1944ರಲ್ಲಿ ಅಮೇರಿಕದ ಸರಕಾರ ಒಂದು ಕಾಯಿದೆ ಮಾಡಿತು. ಯುದ್ಧದಿಂದ ಮರಳಿದ ಸಿಪಾಯಿ ಓದಲು ಇಲ್ಲವೆ ಕಸಬು ಕಲಿಯಲು ಹೊರಟರೆ ಫೀಸೂ ಪುಸ್ತಕವೂ ಹೊಟ್ಟೆಪಾಡಿನ ತಿಂಗಳ ಹಣವೂ ಸರಕಾರದ್ದು. 1956ರ ಹೊತ್ತಿಗೆ ಸುಮಾರು 78 ಲಕ್ಷ ಜನ ಇದರಿಂದ ಕಲಿತರು. ಮಡಕೆ ಸೀಳಿದವನೆಂದು ಹೇಳಿದೆವಲ್ಲ, ಆ ಪೀಟರ್ ವೌಲ್ಕಸ್ ಗ್ರೀಸಿನಿಂದ ವಲಸೆ ಬಂದ ಬಡ ಮನೆತನದವನು. ಮೊಂಟಾನದ ಕಾಲೇಜಿನಲ್ಲಿ ಅವನು ಮಣ್ಣು ಮುಟ್ಟಿದ್ದು ಈ ಹಣದ ಬಲದಿಂದ. ಬಂಡವಳಶಾಹಿಯ ತವರುಮನೆಯಲ್ಲೇ ಕಸಬನ್ನು ಸಂತೆಯ ಪಾಲಿಗೆ ಬಿಡಲಿಲ್ಲ, ಖಜಾನೆಯಿಂದ ನೀರೆರೆದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸಿಪಾಯಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತೆಂಬುದನ್ನೂ ಹೇಳದಿದ್ದರೆ ತಪ್ಪಾದೀತು.

ಜಾರ್ಜ್ ನಕಾಶಿಮಾ ಎಂಬ ಇನ್ನೊಬ್ಬನ ಕಥೆ ಕೇಳಿರಿ. ಜಪಾನೀ ತಂದೆತಾಯಿಗೆ ಅಮೇರಿಕದಲ್ಲಿ ಹುಟ್ಟಿದವನು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಗೆ ಬಂದು ಅರವಿಂದಾಶ್ರಮದ ವಸತಿಗೃಹ ಕಟ್ಟುವ ಕೆಲಸದಲ್ಲಿದ್ದ. ಮರಳಿ ಹೋದ ಮೇಲೆ, 1942ರಲ್ಲಿ, ಜಪಾನೀ ರಕ್ತದವನೆಂಬ ಒಂದೇ ಕಾರಣಕ್ಕೆ ಅವನ ದೇಶವೇ ಅವನನ್ನು ಹೆಂಡತಿ ಮಗುವಿನ ಸಹಿತ ಮುಳ್ಳುತಂತಿಯ ಶಿಬಿರಕ್ಕೆ ತಳ್ಳಿತು. ಅಲ್ಲಿ ಜೊತೆಗಿದ್ದ ಒಬ್ಬ ಬಡಗಿಯಿಂದ ಜಪಾನೀ ಮರಗೆಲಸ ಕಲಿತ. ಮುಂದೆ ಅವನ ಮೇಜು ಕುರ್ಚಿಗಳು ವಸ್ತುಸಂಗ್ರಹಾಲಯ ಸೇರಿದವು.

ಆ ಅಮೇರಿಕದ ವಸ್ತುಗಳು ನಮ್ಮ ದೇಶಕ್ಕೂ ಬಂದಿದ್ದವು. 1959ರಲ್ಲಿ ನ್ಯೂಯಾರ್ಕಿನ ಇನ್ನೊಂದು ವಸ್ತುಸಂಗ್ರಹಾಲಯ ಅಮೇರಿಕ, ಯುರೋಪುಗಳ ಕುರ್ಚಿ, ಪಾತ್ರೆ, ಗಾಜಿನ ಸಾಮಾನುಗಳನ್ನು ದಿಲ್ಲಿಗೆ ಕಳಿಸಿತು. ಊರೂರು ತಿರುಗಿ ಅವು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಉಳಿದವು. ಫೋರ್ಡ್ ಪ್ರತಿಷ್ಠಾನದ ದುಡ್ಡು ಅದರಲ್ಲಿತ್ತು. ದುಡ್ಡಿನ ಹಿಂದೆ ರಾಜಕಾರಣವೂ ಇತ್ತು, ಅಷ್ಟು ನಮಗೆ ತಿಳಿಯದೆ ಇಲ್ಲ.

ಅದರ ಹಿಂದಿನ ವರ್ಷ, 1958ರಲ್ಲಿ, ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು ಭಾರತ ಸರಕಾರದ ಕರೆಯ ಮೇಲೆ ದೇಶ ಸುತ್ತಿ ಒಂದು ವರದಿ ಬರೆದರು. ಕುರ್ಚಿ ಮಾಡುವುದರಲ್ಲಿ ಜಗತ್ಪ್ರಸಿದ್ಧರು. ಅವರು ಎಲ್ಲಕ್ಕಿಂತ ಮೆಚ್ಚಿದ ವಸ್ತು ಯಾವುದು ಬಲ್ಲಿರಾ? ನಮ್ಮ ತಂಬಿಗೆ! ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಒದಗಬೇಕು, ಸುರಿಯುವಾಗ ಹೇಗೆ ಬಾಗಬೇಕು, ಕಡೆಗೆ ಗುಜರಿಗೆ ಹಾಕಿದರೆ ಎಷ್ಟು ಬಂದೀತು ಎಂಬ ತನಕ ಆ ದಂಪತಿಗಳು ವಿಚಾರ ಮಾಡಿದರು. ಒಬ್ಬನೇ ಮನುಷ್ಯ ಇದನ್ನು ರೂಪಿಸಿರಲಾರ, ತಲೆತಲಾಂತರದ ಜನ ಸೇರಿ ರೂಪಿಸಿದ್ದಾರೆಂದು ತೀರ್ಮಾನಿಸಿದರು.

ಕೇಳಲು ಇಂಪಾದ ಮಾತು. ಆದರೆ ಇಲ್ಲಿಯೇ ನಮ್ಮ ತಕರಾರು. ತಲೆತಲಾಂತರದ ಆ ಒಂದೊಂದು ಕೈಗೂ ಒಂದು ಹೊಟ್ಟೆಯಿತ್ತು, ಹೆಸರೂ ಇತ್ತು. ಅವರ ಕುರ್ಚಿ ಈಮ್ಸರ ಕುರ್ಚಿ. ನಮ್ಮ ತಂಬಿಗೆ ಮಾತ್ರ ಭಾರತದ ತಂಬಿಗೆ. ಹೆಸರಿದ್ದವನು ಬೆಲೆ ಹೇಳುತ್ತಾನೆ, ಹೆಸರಿಲ್ಲದವನಿಗೆ ಬೆಲೆಯನ್ನು ಬೇರೆಯವರು ಹೇಳುತ್ತಾರೆ. ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಏರಿಸಿಕೊಳ್ಳಲು ಬದಲಿ ಕೆಲಸಗಾರ ಎಷ್ಟು ವರ್ಷ ಕಾಯುತ್ತಾನೆಂದು ಬಲ್ಲಿರಿ.

ನಮ್ಮ ಕರಾವಳಿಯ ಮಗಳೊಬ್ಬಳಿಗೆ ಇದು ಅರ್ಥವಾಗಿತ್ತು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂದಾಳು, ಜೈಲು ಕಂಡವರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ, ಮೊದಲು ಹೇಳಿದ ವಸ್ತುಸಂಗ್ರಹಾಲಯವನ್ನು 1956ರಲ್ಲಿ ಸ್ಥಾಪಿಸಿದ ಐಲೀನ್ ವೆಬ್ ಅವರ ಜೊತೆಗೆ ನಿಂತವರು ಇವರೇ. ಅರಸರ ಮುಂದೆ ನಿಲ್ಲುವಂತೆಯೇ ನೇಕಾರನ ಮುಂದೆಯೂ ನಿಲ್ಲಬಲ್ಲವರಾಗಿದ್ದರು.

ಈಗ ನಮ್ಮ ತಾಲೂಕಿಗೆ ಬನ್ನಿರಿ. ಹೊನ್ನಾವರ, ಕುಮಟಾ, ಸಿರ್ಸಿ, ಸಿದ್ದಾಪುರ, ಘಟ್ಟದ ಮೇಲೆ ಸಾಗರ, ಸೊರಬ — ಇವು ಗುಡಿಗಾರರ ಊರುಗಳು. ಗಂಧದ ಪೆಟ್ಟಿಗೆಯ ಮೇಲೆ ಬೆರಳಗಲದಲ್ಲಿ ಬಳ್ಳಿ, ಆನೆ, ದೇವರನ್ನು ಕೆತ್ತಬಲ್ಲವರು. ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವವರೂ ಅವರೇ. ಅವರ ಅಜ್ಜಂದಿರು ಕೆತ್ತಿದ ಪೆಟ್ಟಿಗೆಗಳು ಕಡಲಾಚೆಯ ವಸ್ತುಸಂಗ್ರಹಾಲಯಗಳಲ್ಲಿವೆ. ಚೀಟಿಯಲ್ಲಿ ಮರದ ಹೆಸರಿರುತ್ತದೆ, ಸೀಮೆಯ ಹೆಸರಿರುತ್ತದೆ. ಕೆತ್ತಿದವನದು ಅಪರೂಪ. ಗಂಧದ ಮರ ಯಾರ ಹಿತ್ತಿಲಲ್ಲಿ ಬೆಳೆದರೂ ಸರಕಾರದ್ದೆಂಬ ಕಾನೂನು ಈ ರಾಜ್ಯದಲ್ಲಿ 2001ರವರೆಗೆ ನಡೆಯಿತು. ಈಗ ಬೆಳೆದವನಿಗೆ ಒಡೆತನ ಬಂದಿದೆ, ಆದರೆ ಕಿಲೋ ಗಂಧಕ್ಕೆ ಸಾವಿರಗಟ್ಟಲೆ ಬೆಲೆ. ಶಿವಣೆಯ ಮರ ಹಿಡಿದು ಉಳಿಯನ್ನು ಜೀವದಲ್ಲಿಟ್ಟವರಿದ್ದಾರೆ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಶಾಲೆಯಲ್ಲಿದ್ದಾಗ ಗುಡಿಗಾರರ ಮನೆಯ ಹುಡುಗನೊಬ್ಬನಿದ್ದ. ಸೀಮೆಸುಣ್ಣದ ತುಂಡಿನಲ್ಲಿ ನವಿಲು ಕೆತ್ತಿ ಮೇಜಿನ ಮೇಲಿಟ್ಟಿದ್ದ. ಸುಣ್ಣ ಹಾಳು ಮಾಡಿದೆಯೆಂದು ಕಿವಿ ಹಿಂಡಿ, ಗಣಿತದ ಪುಸ್ತಕ ಹಿಡಿಸಿದೆವು. ಗಣಿತ ಹತ್ತಲಿಲ್ಲ, ಶಾಲೆ ಬಿಟ್ಟ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಬೆಂಗಳೂರಿನಲ್ಲಿ ಮದುವೆಯ ಊಟದ ಕಂತ್ರಾಟುದಾರನ ಹತ್ತಿರ ಕೆಲಸವಂತೆ. ಕಲ್ಲಂಗಡಿ ಹಣ್ಣಿನ ಮೇಲೆ ನವಿಲು ಕೆತ್ತುತ್ತಾನೆ. ಮಧ್ಯಾಹ್ನ ಕೆತ್ತಿದ್ದು ರಾತ್ರಿ ಕಸದ ಬುಟ್ಟಿಗೆ. 'ಸಂಬಳ ಸರಿಯಾಗಿ ಬರುತ್ತದೆ ಸರ್, ಅಪ್ಪನಿಗೆ ಅದೂ ಬರುತ್ತಿರಲಿಲ್ಲ' ಅಂದ. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ.

ವ್ಯಾಪಾರಿ ಬಂಧುಗಳನ್ನು ನಾವು ದೂರುವವರಲ್ಲ. ಗಿರಾಕಿ ಪ್ಲಾಸ್ಟಿಕ್ ಚೊಂಬು ಕೇಳಿದರೆ ನೀವು ಅದನ್ನೇ ಇಡಬೇಕು. ನಮ್ಮ ಮನೆಯಲ್ಲೂ ಅದೇ ಇದೆ. ಒಂದು ಸಣ್ಣ ಕೆಲಸ ಮಾತ್ರ ಕೇಳುತ್ತೇವೆ. ನಿಮ್ಮ ಅಂಗಡಿಯಲ್ಲಿ ಬುಟ್ಟಿ, ಚಾಪೆ, ಮರದ ಬೊಂಬೆ ಯಾವುದೇ ಇರಲಿ, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರಿ: ಮಾಡಿದವರ ಹೆಸರು, ಊರು, ಮಾರಿದ ಬೆಲೆಯಲ್ಲಿ ಅವರಿಗೆ ಸೇರುವ ಪಾಲು. ಮೂರನೆಯದನ್ನು ಬರೆಯಲು ಕೈ ಹಿಂಜರಿದೀತು. ಹಿಂಜರಿದರೆ ಯಾಕೆಂದು ಮುಂದಿನ ಸಭೆಯಲ್ಲಿ ಬಂದು ಹೇಳಿರಿ, ಜಗಳವಾಡೋಣ.

ಬರುವ ಭಾನುವಾರ ಬೆಳಿಗ್ಗೆ ನಾವು ನೋಟುಬುಕ್ಕು ಹಿಡಿದು ಹೊನ್ನಾವರದ ಗುಡಿಗಾರರ ಮನೆಗಳಿಗೆ ಹೊರಡುತ್ತೇವೆ. ಒಂದು ಪೆಟ್ಟಿಗೆಗೆ ಎಷ್ಟು ದಿನ, ಮರಕ್ಕೆ ಎಷ್ಟು, ಕೈಗೆ ಉಳಿಯುವುದೆಷ್ಟು ಎಂದು ಕೇಳಿ ಬರೆದು ತರುವುದು. ಅಕ್ಷರ ದುಂಡಾಗಿರುವ ಇಬ್ಬರು ಬೇಕು. ಬರುವವರು ಊಟಕ್ಕೆ ಏಳುವ ಮೊದಲು ಹೆಸರು ಕೊಡಿರಿ.