ಅವ್ವ ಕೇಳಿದ ಪ್ರಶ್ನೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ‘ಪುಸ್ತಕ ಮತ್ತು ಸಿನಿಮಾ’ ಎಂಬ ವಿಷಯ ಕೊಟ್ಟು ಇಪ್ಪತ್ತು ನಿಮಿಷ ಮಾತಾಡಲು ಹೇಳಿದ್ದಾರೆ. ನಾನು ವಿಮರ್ಶಕನಲ್ಲ. ಟಿಕೆಟ್ ಕೊಂಡು ಸಿನಿಮಾ ನೋಡುವವನು, ಬಿಡುವು ಸಿಕ್ಕಾಗ ಪುಸ್ತಕ ಓದುವವನು, ಅಷ್ಟೇ. ನಿನ್ನೆ ಸಂಜೆ ಶಾಮಿಯಾನ ಕಟ್ಟುವಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು, “ಸಾರ್, ಸಿನಿಮಾ ನೋಡಿದ ಮೇಲೆ ಪುಸ್ತಕ ಯಾಕೆ ಓದಬೇಕು? ಕಥೆ ಗೊತ್ತಾಯ್ತಲ್ಲ” ಅಂದ. ಆಗ ನಗಾಡಿ ಸುಮ್ಮನಾದೆ. ಅವನಿಗೆ ಉತ್ತರ ಕೊಡುವುದಕ್ಕೆ ಒಂದೇ ಒಂದು ಸಿನಿಮಾವನ್ನು ಇಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಅದರ ಹೆಸರು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’.

ನೋಡದೆ ಇರುವವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಶೈರ್ ಎಂಬ ಹಸಿರು ಸೀಮೆ. ಅಲ್ಲಿ ಹಾಬಿಟ್ ಎಂಬ ಕುಳ್ಳ ಜನ ಹೊಲ, ತೋಟ, ಊಟ, ಹಬ್ಬ ಅಂತ ತಮ್ಮ ಪಾಡಿಗೆ ಬದುಕಿದ್ದಾರೆ. ಅವರಲ್ಲಿ ಫ್ರೋಡೊ ಎಂಬುವನ ಕೈಗೆ ಒಂದು ಉಂಗುರ ಬರುತ್ತದೆ. ಲೋಕವನ್ನೆಲ್ಲ ಆಳಬೇಕೆಂದು ಸೌರಾನ್ ಎಂಬ ದುಷ್ಟಶಕ್ತಿ ಮಾಡಿಕೊಂಡಿದ್ದ ಉಂಗುರ ಅದು. ಅದನ್ನು ಎರಕ ಹೊಯ್ದ ಬೆಂಕಿಯ ಬೆಟ್ಟಕ್ಕೇ ತೆಗೆದುಕೊಂಡು ಹೋಗಿ ಎಸೆಯಬೇಕು. ಬೇರೆ ದಾರಿಯಿಲ್ಲ. ಫ್ರೋಡೊ ಹೊರಡುತ್ತಾನೆ. ಅವನ ಜೊತೆ ತೋಟದ ಕೆಲಸದ ಸ್ಯಾಮ್ ಹೊರಡುತ್ತಾನೆ. ಅತ್ತ ರಾಜರು, ಸೈನ್ಯಗಳು ದೊಡ್ಡ ದೊಡ್ಡ ಯುದ್ಧ ಮಾಡುತ್ತಿರುತ್ತಾರೆ. ಇತ್ತ ಇಬ್ಬರು ಸಾಮಾನ್ಯರು ನಡೆಯುತ್ತಲೇ ಇರುತ್ತಾರೆ.

ಇದನ್ನು ಬರೆದವರು ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಭಾಷೆ ಕಲಿಸುತ್ತಿದ್ದ ಮೇಷ್ಟ್ರು, ಜೆ.ಆರ್.ಆರ್. ಟೋಲ್ಕಿನ್. ಪುಸ್ತಕ ಮೂರು ಸಂಪುಟಗಳಲ್ಲಿ 1954 ಮತ್ತು 1955ರಲ್ಲಿ ಹೊರಬಂತು. ಸಿನಿಮಾ ಮಾಡಿದವರು ನ್ಯೂಜಿಲೆಂಡಿನ ಪೀಟರ್ ಜಾಕ್ಸನ್. ಮೂರೂ ಭಾಗಗಳ ಚಿತ್ರೀಕರಣವನ್ನು ತಮ್ಮ ದೇಶದಲ್ಲಿ ಒಟ್ಟಿಗೇ ನಡೆಸಿ 2001, 2002, 2003ರ ಡಿಸೆಂಬರ್ ತಿಂಗಳುಗಳಲ್ಲಿ ಒಂದೊಂದಾಗಿ ಬಿಡುಗಡೆ ಮಾಡಿದರು. ಮೂರನೆಯ ಭಾಗಕ್ಕೆ 2004ರಲ್ಲಿ 11 ಆಸ್ಕರ್ ಪ್ರಶಸ್ತಿ ಬಂದವು.

ಇಷ್ಟೆಲ್ಲ ಬಂದ ಮೇಲೆ ಎಲ್ಲರಿಗೂ ಸಮಾಧಾನ ಆಯಿತು ಅಂದುಕೊಂಡಿರಾ? ಇಲ್ಲ. ಇಪ್ಪತ್ತು ವರ್ಷ ಕಳೆದರೂ ನೋಡಿದವರ ಜಗಳ ಮುಗಿದಿಲ್ಲ.

ಪುಸ್ತಕ ಓದದೆ ನೋಡಿದವರದು ಒಂದು ಗುಂಪು. ಬೆಟ್ಟ, ಕಣಿವೆ, ಕುದುರೆಗಳ ದಂಡು ನೋಡಿ ಬೆರಗಾದವರು ಇವರು. ಆದರೆ ಇವರಲ್ಲೂ ಗೊಣಗುವವರಿದ್ದಾರೆ. ಹೆಸರುಗಳು ನೆನಪಿರಲ್ಲ, ಯಾರು ಯಾರ ಕಡೆ ಗೊತ್ತಾಗಲ್ಲ ಅನ್ನುತ್ತಾರೆ. ಮೂರನೆಯ ಭಾಗ 3 ಗಂಟೆ 21 ನಿಮಿಷ ಇದೆ. ಮುಗಿಯಿತು ಅಂತ ಎದ್ದು ನಿಂತರೆ ಮತ್ತೊಂದು ದೃಶ್ಯ ಶುರುವಾಗುತ್ತದೆ, ಇದಕ್ಕೆ ಎಷ್ಟು ಕೊನೆಗಳಪ್ಪಾ ಎಂದು ಗೇಲಿ ಮಾಡಿದವರು ಬಹಳ ಜನ. ಇನ್ನೊಂದು ಪ್ರಶ್ನೆ ಜಗತ್ತಿನಲ್ಲೆಲ್ಲ ಕೇಳಿಬರುತ್ತದೆ. ಕೊನೆಯಲ್ಲಿ ದೊಡ್ಡ ಹದ್ದುಗಳು ಬಂದು ಇವರಿಬ್ಬರನ್ನು ಎತ್ತಿಕೊಂಡು ಹೋಗುತ್ತವಲ್ಲ, ಮೊದಲೇ ಆ ಹದ್ದಿನ ಬೆನ್ನ ಮೇಲೆ ಕೂರಿಸಿ ಕಳಿಸಿದ್ದರೆ ಇಷ್ಟು ದೂರ ನಡೆಯುವ ಕಷ್ಟ ಯಾಕೆ ಬೇಕಿತ್ತು?

ಓದಿ ನೋಡಿದವರದು ಇನ್ನೊಂದು ಗುಂಪು. ಇವರ ತಕರಾರು ಪಟ್ಟಿ ಉದ್ದ. ಕಾಡಿನಲ್ಲಿ ಹಾಡಿಕೊಂಡು ಕುಣಿಯುವ ಟಾಮ್ ಬಾಂಬಡಿಲ್‌ನನ್ನು ಬಿಟ್ಟೇಬಿಟ್ಟರು. ಪುಸ್ತಕದ ಫರಾಮಿರ್, ದಾರಿಯಲ್ಲಿ ಬಿದ್ದು ಸಿಕ್ಕಿದರೂ ಆ ಉಂಗುರ ನನಗೆ ಬೇಡ ಎನ್ನುವಂಥ ಮನುಷ್ಯ. ಸಿನಿಮಾದಲ್ಲಿ ಅವನೇ ಫ್ರೋಡೊನನ್ನು ಸೆರೆಹಿಡಿದು ಉಂಗುರದ ಸಮೇತ ಎಳೆದುಕೊಂಡು ಹೋಗುತ್ತಾನೆ. ಸ್ಯಾಮ್‌ನನ್ನು ಫ್ರೋಡೊ ಮಧ್ಯದಾರಿಯಲ್ಲಿ ಅನುಮಾನಪಟ್ಟು ಮನೆಗೆ ಹೋಗು ಎಂದು ಅಟ್ಟುವ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸ್ಯಾಮ್‌ನನ್ನು ಪ್ರೀತಿಸುವ ಓದುಗರಿಗೆ ಅದನ್ನು ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಲೇಖಕರ ಮನೆಯವರದು ಮೂರನೆಯ ಗುಂಪು. ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಅವರ ಮಗ ಕ್ರಿಸ್ಟೋಫರ್ ಆ ಪುಸ್ತಕದ ನಕ್ಷೆಗಳನ್ನು ಬರೆದವರು, ಅಪ್ಪನ ಹಸ್ತಪ್ರತಿಗಳನ್ನು ದಶಕಗಳ ಕಾಲ ಸಂಪಾದಿಸಿದವರು. 2012ರಲ್ಲಿ ಫ್ರಾನ್ಸಿನ ‘ಲ ಮಾಂಡ್’ ಪತ್ರಿಕೆಯೊಂದಿಗೆ ಮಾತಾಡಿದಾಗ ಅವರು, ಅಪ್ಪನ ಪುಸ್ತಕವನ್ನು ಹರೆಯದ ಹುಡುಗರ ಹೊಡೆದಾಟದ ಸಿನಿಮಾ ಮಾಡಿಬಿಟ್ಟರು ಎಂಬ ಅರ್ಥದಲ್ಲಿ ನೊಂದುಕೊಂಡರು.

ಈ ಜಗಳ ನಮಗೆ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಮಾಡಿದರು. ನಾಡಿಗೆ ನಾಡೇ ಮುಗಿಬಿದ್ದು ನೋಡಿತು. ಬರೆದವರಿಗೆ ಮಾತ್ರ ತೃಪ್ತಿಯಾಗಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ.

ಹಾಗಾದರೆ ಯಾರ ಮಾತು ಸರಿ? ವೇಲ್ಸ್‌ನ ಅಬರಿಸ್ಟ್‌ವಿತ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ಬಾರ್ಕರ್ ಎಂಬ ವಿದ್ವಾಂಸರು ಮತ್ತು ಅವರ ಜೊತೆಗಾರರು ಮೂರನೆಯ ಭಾಗ ಬಂದಾಗ ಒಂದು ದೊಡ್ಡ ಕೆಲಸ ಮಾಡಿದರು. ಇಪ್ಪತ್ತು ದೇಶಗಳ ಸಂಶೋಧಕರು ಸೇರಿ ಪ್ರೇಕ್ಷಕರ ಅಭಿಪ್ರಾಯ ಕೇಳಿದರು. ಸುಮಾರು 25,000 ಜನ ಉತ್ತರ ಬರೆದುಕೊಟ್ಟರು. ಇದು ಯಾವ ಬಗೆಯ ಕಥೆ ಅನ್ನಿಸಿತು ಎಂಬುದು ಅದರಲ್ಲಿ ಒಂದು ಪ್ರಶ್ನೆ. ಮಹಾಕಾವ್ಯವೇ, ಯುದ್ಧದ ಕಥೆಯೇ, ಒಳಿತು ಕೆಡುಕಿನ ಹೋರಾಟವೇ, ಆತ್ಮದ ಪಯಣವೇ, ಅಪಾಯಕ್ಕೆ ಸಿಕ್ಕ ತಾಯ್ನೆಲದ ಕಥೆಯೇ, ಬರೀ ತಾಂತ್ರಿಕ ಚಮತ್ಕಾರವೇ, ಹೀಗೆ ಒಂದಷ್ಟು ಹೆಸರು ಕೊಟ್ಟು ಆರಿಸಿಕೊಳ್ಳಿ ಎಂದಿದ್ದರು. ತೆರೆಯ ಮೇಲೆ ಓಡಿದ್ದು ಒಂದೇ ಸಿನಿಮಾ. ಒಬ್ಬೊಬ್ಬರು ಕಂಡದ್ದು ಒಂದೊಂದು.

‘ಅಪಾಯಕ್ಕೆ ಸಿಕ್ಕ ತಾಯ್ನೆಲ’ ಎಂಬ ಮಾತನ್ನು ಓದಿದಾಗ ನನಗೆ ನಮ್ಮವ್ವನ ನೆನಪಾಯಿತು. ಅವ್ವನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಈ ಶಾಲೆಗೆ ಸೌದೆ ಒಲೆಯ ಕಾಲದಲ್ಲಿ ಉಪ್ಪಿಟ್ಟು ಮಾಡಿ ಹಾಕಿದ ಕೈ ಅದು. ಓದು ಬರಹ ಬರುತ್ತಿರಲಿಲ್ಲ.

ನಾನು ಮೊದಲ ಭಾಗವನ್ನು 2002ರಲ್ಲಿ ಬೆಂಗಳೂರಿನಲ್ಲಿ ನೋಡಿ ಮರುಳಾಗಿದ್ದೆ. ಮೂರೂ ಭಾಗ ಬಂದ ಮೇಲೆ ಒಂದು ಬೇಸಿಗೆ ಡಿವಿಡಿ ತಂದು ಊರಿನ ಮನೆಯಲ್ಲಿ ಹಾಕಿದೆ. ಕರೆಂಟು ಹೋಗಿ ಬಂದು, ಮೂರು ರಾತ್ರಿ ಹಿಡಿಯಿತು. ಅವ್ವ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಾ ನೋಡುತ್ತಿತ್ತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಯುದ್ಧದ ದೃಶ್ಯ ಬಂದಾಗ ಅದಕ್ಕೆ ಆಸಕ್ತಿಯಿಲ್ಲ, ಕಾಯಿ ಕಡೆಗೇ ಕಣ್ಣು. ಬೆಟ್ಟದ ಬುಡದಲ್ಲಿ ಫ್ರೋಡೊ ಹೆಜ್ಜೆ ಇಡಲಾರದೆ ಬಿದ್ದಾಗ ಸ್ಯಾಮ್ ಅವನನ್ನೇ ಹೆಗಲ ಮೇಲೆ ಹೊತ್ತು ಹತ್ತುತ್ತಾನಲ್ಲ, ಅಲ್ಲಿ ಮಾತ್ರ ಕೈ ನಿಂತಿತು.

ಕೊನೆಗೆ ನಾಲ್ವರು ಗೆಳೆಯರು ಕುದುರೆ ಏರಿ ಊರಿಗೆ ಬರುತ್ತಾರೆ. ಊರು ಹೇಗಿತ್ತೋ ಹಾಗೇ ಇದೆ. ಹಸಿರು ಹುಲ್ಲು, ಗುಂಡು ಬಾಗಿಲು, ಹೂವಿನ ಗಿಡ. ಅವ್ವ ಕೇಳಿತು: “ಅಲ್ಲ ಕಣೋ, ಲೋಕಾನೆಲ್ಲ ಸುಟ್ಟಂಥ ಯುದ್ಧ ಆಯ್ತಲ್ಲ. ಇವರ ಊರಿಗೆ ಮಾತ್ರ ಏನೂ ಆಗಲೇ ಇಲ್ವಾ?”

ನಾನು, “ಸಿನಿಮಾ ಕಣವ್ವ, ಸುಮ್ನೆ ನೋಡು” ಎಂದೆ. ಓದಿದವನ ಗತ್ತು.

ಅವ್ವ ಆ ಮಾತು ಕೇಳಿದ್ದಕ್ಕೆ ಕಾರಣವಿತ್ತು. ಬಸ್ ಸ್ಟ್ಯಾಂಡಿನಿಂದ ಈ ಶಾಲೆಯವರೆಗೆ ಸಾಲಾಗಿ ಇದ್ದ ಹುಣಸೆ ಮರಗಳು ನನ್ನ ಓರಗೆಯವರಿಗೆ ನೆನಪಿವೆ. ರಸ್ತೆ ಅಗಲ ಮಾಡುವಾಗ ಹೋದವು. ಆ ವರ್ಷ ನಾನು ಊರಿನಲ್ಲಿ ಇರಲಿಲ್ಲ, ಅವ್ವ ಇತ್ತು. ಹೊರಗೆ ಹೋದವನಿಗೆ ಊರು ಅಂದರೆ ಬಿಟ್ಟುಹೋದ ದಿನದ ಚಿತ್ರ. ಇದ್ದವರಿಗೆ ಗೊತ್ತು, ಅದು ದಿನಾ ಬದಲಾಗುತ್ತದೆ ಅಂತ.

ಒಂದು ವರ್ಷದ ಮೇಲೆ ಪುಸ್ತಕ ಕೊಂಡೆ. ಕೊನೆಯಿಂದ ಎರಡನೆಯ ಅಧ್ಯಾಯಕ್ಕೆ ಬಂದಾಗ ಬೆವರಿದೆ. ಅವ್ವನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಪುಸ್ತಕದಲ್ಲಿ ಆ ನಾಲ್ವರು ವಾಪಸು ಬಂದಾಗ ಊರಿನ ಗೇಟಿಗೆ ಬೀಗ. ಗೋಡೆಯ ಮೇಲೆ ಹೊಸ ಕಾನೂನುಗಳ ಪಟ್ಟಿ. ಸಾಲುಮರ ಕಡಿದುಹಾಕಿದ್ದಾರೆ. ಹಬ್ಬ ಮಾಡುತ್ತಿದ್ದ ಬಯಲಿನ ಮರವೂ ಇಲ್ಲ. ಹೊಸ ಗಿರಣಿಯ ಕೊಳಕು ನೀರು ಹೊಳೆಗೆ ಸೇರುತ್ತಿದೆ. ಯುದ್ಧದಲ್ಲಿ ಸೋತ ಮಾಂತ್ರಿಕ ಸಾರುಮನ್ ಬಂದು ಊರನ್ನು ಹಿಡಿದಿದ್ದಾನೆ. ಊರ ಜನರಲ್ಲೇ ಕೆಲವರು ಅವನ ಕಡೆಯವರಿಗೆ ಕೈಜೋಡಿಸಿದ್ದಾರೆ. ಆಗ ಈ ನಾಲ್ವರು ಜನರನ್ನು ಎಬ್ಬಿಸುತ್ತಾರೆ. ಊರಿನ ಹಾದಿಯಲ್ಲೇ ಕಾದಾಟ ನಡೆದು ಹತ್ತೊಂಬತ್ತು ಹಾಬಿಟ್‌ಗಳು ಸಾಯುತ್ತಾರೆ.

ಆಮೇಲಿನ ಕೆಲಸ ತೋಟದ ಸ್ಯಾಮ್‌ನದು. ದಾರಿಯಲ್ಲಿ ಗಲಾಡ್ರಿಯೆಲ್ ಎಂಬ ರಾಣಿ ಅವನಿಗೆ ಒಂದು ಚಿಕ್ಕ ಪೆಟ್ಟಿಗೆ ಕೊಟ್ಟಿದ್ದಳು. ಅದರಲ್ಲಿ ಅವಳ ತೋಟದ ಮಣ್ಣು, ಒಂದು ಬೀಜ. ಸ್ಯಾಮ್ ಊರಿನ ಉದ್ದಗಲ ಓಡಾಡಿ ಮರ ಹೋದ ಕಡೆಯಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಆ ಮಣ್ಣಿನ ಒಂದೊಂದು ಕಣ ಹಾಕುತ್ತಾನೆ. ಬೀಜವನ್ನು ಹಬ್ಬದ ಬಯಲಿನಲ್ಲಿ ಊರುತ್ತಾನೆ. ಸಿನಿಮಾದಲ್ಲಿ ಆ ಪೆಟ್ಟಿಗೆಯೂ ಇಲ್ಲ, ಆ ಅಧ್ಯಾಯವೂ ಇಲ್ಲ. ಮೊದಲ ಭಾಗದಲ್ಲಿ ಫ್ರೋಡೊ ಮಾಯಾದರ್ಪಣದ ನೀರಿನಲ್ಲಿ ಉರಿಯುವ ಊರನ್ನು ಒಂದು ಕ್ಷಣ ಕಾಣುತ್ತಾನೆ, ಅಷ್ಟೇ.

ಟೋಲ್ಕಿನ್ ಅದನ್ನು ಗಾಳಿಯಿಂದ ತಂದು ಬರೆದದ್ದಲ್ಲ. ಬಾಲ್ಯದಲ್ಲಿ ಅವರು ಬರ್ಮಿಂಗ್‌ಹ್ಯಾಮ್ ಪಕ್ಕದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ, ಒಂದು ನೀರಿನ ಗಿರಣಿಯ ಹತ್ತಿರ ಇದ್ದರು. ತಾನು ಬಾಲ್ಯದಲ್ಲಿ ಬದುಕಿದ ಹಳ್ಳಿಸೀಮೆ ತನಗೆ ಹತ್ತು ವರ್ಷ ತುಂಬುವ ಮೊದಲೇ ಹಾಳಾಗುತ್ತಿತ್ತು ಎಂದು ಪುಸ್ತಕದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಸೋಮ್ ಕದನದಲ್ಲಿದ್ದವರು ಅವರು. ಯುದ್ಧ ಮುಗಿಯುವ ಹೊತ್ತಿಗೆ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹೋಗಿದ್ದರು. ಗೆದ್ದು ಬಂದವನಿಗೆ ಊರು ಮೊದಲಿನ ಹಾಗೆ ಸಿಗುವುದಿಲ್ಲ ಎಂಬುದು ಅವರು ಬದುಕಿ ತಿಳಿದ ಮಾತು.

ಆಗ ನನಗೆ ಸಿನಿಮಾದವರ ಮೇಲೆ ತುಂಬ ಕೋಪ ಬಂತು. ಕಥೆಯ ಬೇರನ್ನೇ ಕಿತ್ತರಲ್ಲ ಎಂದು ಸಿಕ್ಕವರ ಜೊತೆಯಲ್ಲೆಲ್ಲ ವಾದ ಮಾಡಿದೆ. ಆಮೇಲೆ ಮತ್ತೊಮ್ಮೆ ನೋಡಿದೆ. ಈಗ ಅಷ್ಟು ಕೋಪವಿಲ್ಲ. ಉಂಗುರ ಬೆಂಕಿಗೆ ಬಿದ್ದ ಮೇಲೆ ಇನ್ನೊಂದು ಯುದ್ಧ ತೋರಿಸಿದ್ದರೆ, ಆಗಲೇ ಮೂರು ಗಂಟೆ ಕೂತ ಜನ ಎದ್ದು ಹೋಗುತ್ತಿದ್ದರು. ಅದೂ ಅಲ್ಲದೆ, ಅವರು ಬೇರೆ ಒಂದು ದೃಶ್ಯ ಇಟ್ಟಿದ್ದಾರೆ. ನಾಲ್ವರೂ ಊರಿನ ಹಳೆಯ ಪಾನಗೃಹದಲ್ಲಿ ಕೂತಿದ್ದಾರೆ. ಸುತ್ತಲಿನ ಜನಕ್ಕೆ ಇವರ ಕಡೆ ಗಮನವಿಲ್ಲ. ಯಾರೋ ಬೆಳೆದ ದೊಡ್ಡ ಕುಂಬಳಕಾಯಿ ನೋಡುವುದರಲ್ಲಿ ಮುಳುಗಿದ್ದಾರೆ. ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಕುಡಿಯುತ್ತಾರೆ. ಊರು ಹಾಗೇ ಇದೆ, ಬದಲಾದವರು ಇವರು. ಅದೂ ನಿಜವೇ. ನಿನ್ನೆ ಹೋಟೆಲಿನಲ್ಲಿ ಕೂತಿದ್ದ ನಾವು ಹಳೆಯ ವಿದ್ಯಾರ್ಥಿಗಳು ಅದನ್ನು ಒಪ್ಪುತ್ತೇವೆ.

ಆದರೆ ಅವ್ವ ಕೇಳಿದ್ದು ಊರಿನಲ್ಲಿ ಉಳಿದವರ ಪ್ರಶ್ನೆ. ಅದಕ್ಕೆ ಸಿನಿಮಾದಲ್ಲಿ ಉತ್ತರವಿರಲಿಲ್ಲ, ಪುಸ್ತಕದಲ್ಲಿ ಇತ್ತು. ಓದು ಬಾರದ ಹೆಂಗಸು ಐನೂರು ವಿಮರ್ಶೆ ಓದಿದವನಿಗಿಂತ ಸರಿಯಾಗಿ, ಎಲ್ಲಿ ಕತ್ತರಿ ಆಡಿದೆಯೋ ಅಲ್ಲೇ ಬೆರಳಿಟ್ಟಿತ್ತು. ಮುಂದಿನ ರಜೆಯಲ್ಲಿ ಬಂದು ಆ ಅಧ್ಯಾಯವನ್ನು ಹೇಳಿದೆ. ಗಿರಣಿ, ಮರ, ಮಣ್ಣಿನ ಪೆಟ್ಟಿಗೆ ಎಲ್ಲವನ್ನೂ ಕೇಳಿ, “ಹಂಗಾದ್ರೆ ಬರೆದೋರಿಗೆ ಗೊತ್ತಿತ್ತು ಬುಡು” ಅಂದು ಎದ್ದು ಒಳಗೆ ಹೋಯಿತು. ಈಗ ಅವ್ವ ಇಲ್ಲ. ಆವತ್ತು ರಾತ್ರಿ “ಸುಮ್ನೆ ನೋಡು” ಎಂದು ಬಾಯಿ ಮುಚ್ಚಿಸಿದ್ದು ಇನ್ನೂ ಚುಚ್ಚುತ್ತದೆ.

ಮಗು, ನಿನ್ನೆ ಕೇಳಿದೆಯಲ್ಲ, ನಿನಗೆ ಉತ್ತರ ಇದು. ಸಿನಿಮಾ ನೋಡಿದರೆ ಕಥೆ ಗೊತ್ತಾಗುತ್ತದೆ, ನಿಜ. ನೋಡುವಾಗ ನಿನಗೆ ಒಂದು ಪ್ರಶ್ನೆ ಹುಟ್ಟಿ, ಅದಕ್ಕೆ ತೆರೆಯ ಮೇಲೆ ಉತ್ತರ ಸಿಗದಿದ್ದರೆ, ಪುಸ್ತಕ ಹುಡುಕಿಕೊಂಡು ಹೋಗು. ‘ಸೂಪರ್’, ‘ಬೋರು’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ಎಲ್ಲಿ ಚೆನ್ನಾಗಿತ್ತು, ಎಲ್ಲಿ ಎಡವಿತು ಎಂದು ಒಂದು ಜಾಗ ತೋರಿಸು. ಹದ್ದಿನ ಪ್ರಶ್ನೆಯಾದರೂ ಸರಿ, ನಾಚಿಕೆಯಿಲ್ಲದೆ ಕೇಳು. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮಕ್ಕಳು ಅಂಥ ಪ್ರಶ್ನೆ ಕೇಳಿದಾಗ ನನ್ನ ಹಾಗೆ ಗತ್ತು ಮಾಡಬೇಡಿ.

ಆ ಮೂರು ಸಂಪುಟಗಳನ್ನೂ, ಇವಕ್ಕಿಂತ ಮುಂಚೆ 1937ರಲ್ಲಿ ಟೋಲ್ಕಿನ್ ಮಕ್ಕಳಿಗಾಗಿ ಬರೆದ ‘ದಿ ಹಾಬಿಟ್’ ಪುಸ್ತಕವನ್ನೂ ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ಇಂಗ್ಲಿಷ್ ಮೊದಮೊದಲು ಕಷ್ಟ. ‘ಹಾಬಿಟ್’ನಿಂದ ಶುರುಮಾಡಿದರೆ ನಡೆಯುತ್ತದೆ. ಜೊತೆಗೆ, ನಮ್ಮ ಬ್ಯಾಚಿನವರು ಸೇರಿ ಐವತ್ತು ಹುಣಸೆ ಸಸಿ ತಂದು ಕೈಪಂಪಿನ ಪಕ್ಕ ಇಟ್ಟಿದ್ದೇವೆ. ಊಟ ಆದ ಮೇಲೆ ಯಾರೂ ಹಾಗೇ ಹೋಗಬೇಡಿ. ಗುಂಡಿ ಆಗಲೇ ತೋಡಿಸಿದೆ, ರಸ್ತೆಯ ಅಂಚಿನಿಂದ ಸಾಕಷ್ಟು ಒಳಗೆ.