ನಾನೂ ಬರ್ತೀನಿ ನಡೀರಿ

ಮಂಡ್ಯ ಹತ್ತಿರದ ಯಲಿಯೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಗದ್ದೆಗೆ ನೀರು ಕಟ್ಟಲು ಹೋದ ಗಂಡ ಬದುವಿನ ಮೇಲೆ ಗುದ್ದಲಿ ಬಿಟ್ಟು ಇನ್ಯಾವುದೋ ಕೆಲಸಕ್ಕೆ ಹೊರಟಿದ್ದಾನೆ. ಕರೆಂಟ್ ಬಿಲ್ಲಿನ ದುಡ್ಡು ಮೂರು ದಿನದಿಂದ ಅಂಗಿ ಜೇಬಿನಲ್ಲೇ ಇದೆ. ಹೆಂಡತಿಗೆ ಹೇಳಿ ಹೇಳಿ ಸಾಕಾಗಿದೆ.

ಚಿಕ್ಕಂದಿನಿಂದಲೂ ಹೀಗೇ ಇದ್ದರೆ ಅದು ಸೋಮಾರಿತನವಲ್ಲ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇರಬಹುದು. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಈ ತೊಂದರೆ ದೊಡ್ಡವರಲ್ಲೂ ಉಳಿಯಬಹುದು. ಔಷಧಿ, ಆಪ್ತಸಮಾಲೋಚನೆಯಿಂದ ಹತೋಟಿಗೆ ಬರುತ್ತದೆ.

ನಿಮ್ಮ ಗಂಡನೂ ಹೀಗಿದ್ದರೆ ವೈದ್ಯರಿಗೆ ತೋರಿಸಿ. ಆದರೆ "ತಲೆ ಸರಿಯಿಲ್ಲ, ತೋರಿಸ್ಕೊಳ್ಳಿ" ಅಂದರೆ ಯಾರು ತಾನೇ ಹೋದಾರು? "ನಾನೂ ಬರ್ತೀನಿ ನಡೀರಿ" ಅನ್ನಿ. ವೈದ್ಯರು ಬಾಲ್ಯದ ವಿಷಯ ಕೇಳುತ್ತಾರೆ. ಅತ್ತೆಯನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಒಂದು ಕರೆ ಮಾಡಿ.